ಮುಜಂಟಿ ಪ್ರೋಪೋಲಿಸ್: ಟಿಂಕ್ಚರ್ ಎಷ್ಟು ಗಟ್ಟಿ ಇರಬೇಕು, ಯಾವುದಕ್ಕೆ ಬಳಸಬಹುದು?

ಹನಿಗೂಡು:
ಮುಜಂಟಿ (ಚುಚ್ಚುಮುಳ್ಳಿಲ್ಲದ ಪುಟ್ಟ ಜೇನುನೊಣ) ಪೆಟ್ಟಿಗೆ ಪಾಲು ಮಾಡುವಾಗ ಕೆರೆದು ತೆಗೆದ ಅಂಟು, ಅಂದರೆ ನೊಣಗಳು ಮರದ ರಾಳ ತಂದು ಮೆತ್ತಿದ ಪ್ರೋಪೋಲಿಸ್, 40 ಗ್ರಾಂ ಇದೆ. ಅದರಲ್ಲಿ ಕಪ್ಪು ಮುದ್ದೆ, ಬಾಗಿಲ ಕೊಳವೆಯ ಚೂರು, ಖಾಲಿ ಜೇನುತುಪ್ಪದ ಕುಡಿಕೆ ಎಲ್ಲ ಬೆರೆತಿವೆ. ಬಾಯಿಹುಣ್ಣಿಗೆ ಮತ್ತು ತರಚುಗಾಯಕ್ಕೆ ಟಿಂಕ್ಚರ್ (ಮದ್ಯಸಾರದಲ್ಲಿ ಇಳಿಸಿದ ಸಾರ) ಮಾಡಬೇಕು. ಎಷ್ಟು ಅಂಟಿಗೆ ಎಷ್ಟು ಮದ್ಯಸಾರ? ಪೆಟ್ಟಿಗೆಜೇನಿನ (ಚುಚ್ಚುವ ಸಾಮಾನ್ಯ ಜೇನುನೊಣದ) ಪ್ರೋಪೋಲಿಸ್ ಬಾಟಲಿಯ ಮೇಲೆ ಬರೆದ ಪ್ರಮಾಣವೇ ಇದಕ್ಕೂ ನಡೆಯುತ್ತದೆಯೇ?

ಸಸ್ಯಸಾರ:
ಮೊದಲು ಆರಿಸಿ ಬೇರೆ ಮಾಡಿ. ಕುಡಿಕೆಗಳು ಮೇಣಕ್ಕೆ ರಾಳ ಕಲಸಿ ಕಟ್ಟಿದವು. ಅವುಗಳಲ್ಲಿ ಮೇಣದ ಪಾಲು ದೊಡ್ಡದು, ಹಾಗಾಗಿ ಸಾರ ಇಳಿಯುವುದು ಕಡಿಮೆ. ನಿಮಗೆ ಬೇಕಾದದ್ದು ಬೆರಳಿಗೆ ಅಂಟಿ ನೂಲೆಳೆಯುವ, ಮರದ ಅಂಟಿನ ಘಾಟು ಇರುವ ಮುದ್ದೆ. ಮಣ್ಣು ಬೆರೆತ ಗೋಡೆಯ ಚೂರನ್ನೂ ಬಿಟ್ಟುಬಿಡಿ.

30 ಗ್ರಾಂ ಒಳ್ಳೆಯ ಮುದ್ದೆ ಸಿಕ್ಕಿತು ಎಂದಿಟ್ಟುಕೊಳ್ಳಿ. ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಹೊರತೆಗೆದ ತಕ್ಷಣ ಕುಟ್ಟಿ. ತಡ ಮಾಡಿದರೆ ಮತ್ತೆ ಮೆತ್ತಗಾಗಿ ಕುಟ್ಟಾಣಿಗೇ ಅಂಟಿಕೊಳ್ಳುತ್ತದೆ. ಮದ್ಯಸಾರ ಶೇ. 70ರದ್ದಾಗಬೇಕು: ಶೇ. 95ರ ಆಹಾರದರ್ಜೆಯ ಎಥನಾಲ್ 221 ಮಿ.ಲೀ. ಅಳೆದು, ಒಟ್ಟು 300 ಮಿ.ಲೀ. ಆಗುವಷ್ಟು ಶುದ್ಧೀಕರಿಸಿದ ನೀರು ಸೇರಿಸಿ. ಇದಕ್ಕಿಂತ ಕಡುವಾದರೆ ಮೇಣವೂ ಜಾಸ್ತಿ ಇಳಿಯುತ್ತದೆ, ತೀರಾ ನೀರಾದರೆ ರಾಳ ಕರಗುವುದಿಲ್ಲ. ಸರ್ಜಿಕಲ್ ಸ್ಪಿರಿಟ್, ಡಿನೇಚರ್ಡ್ ಸ್ಪಿರಿಟ್ ಬೇಡವೇ ಬೇಡ. ಅವುಗಳಲ್ಲಿ ಮೆಥನಾಲಿನಂಥ ವಿಷ ಸೇರಿರಬಹುದು, ಸೋಸಿದರೆ ಅದು ಹೋಗುವುದಿಲ್ಲ.

ಕಂದು ಬಣ್ಣದ ಗಾಜಿನ ಬಾಟಲಿಯಲ್ಲಿ ಎರಡು ವಾರ ಕತ್ತಲಲ್ಲಿಟ್ಟು ದಿನಕ್ಕೆರಡು ಸಲ ಕುಲುಕಿ. ಬಟ್ಟೆಯಲ್ಲಿ ಸೋಸಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಣ ಬಿಳಿ ಪುಡಿಯಂತೆ ತಳ ಸೇರಿರುತ್ತದೆ. ತಣ್ಣಗಿರುವಾಗಲೇ ಫಿಲ್ಟರ್ ಕಾಗದದಲ್ಲಿ ಇನ್ನೊಮ್ಮೆ ಸೋಸಿ. ಬೆಚ್ಚಗಾದರೆ ಮೇಣ ಮತ್ತೆ ಕರಗಿ ಸೋಸುಕಾಗದ ದಾಟಿಬಿಡುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಬಾಟಲಿಯ ಮೇಲೆ ‘ಶೇ. 30’ ಎಂದಿದ್ದರೆ ಅದು ಹಾಕಿದ ಕಚ್ಚಾ ಅಂಟಿನ ಲೆಕ್ಕವೂ ಆಗಿರಬಹುದು, ಕರಗಿದ ಸಾರದ ಲೆಕ್ಕವೂ ಆಗಿರಬಹುದು. ನಿಮ್ಮದನ್ನು ನೀವೇ ಅಳೆಯಿರಿ. ತೂಕ ನೋಡಿದ ಬಟ್ಟಲಿಗೆ 10 ಮಿ.ಲೀ. ಹಾಕಿ, ಬಿಸಿನೀರಿನ ಮೇಲಿಟ್ಟು ತೂಕ ಇಳಿಯುವುದು ನಿಲ್ಲುವವರೆಗೆ ಆರಿಸಿ. ಹತ್ತಿರದಲ್ಲಿ ಬೆಂಕಿ ಇರಬಾರದು. 0.4 ಗ್ರಾಂ ಉಳಿದರೆ ನಿಮ್ಮ ಟಿಂಕ್ಚರಿನ ಗಟ್ಟಿತನ ಶೇ. 4.

ಲ್ಯಾಬ್‌ಬೆಂಚ್:
ಗಟ್ಟಿತನ ಒಂದೇ ಆದರೂ ಗುಣ ಒಂದೇ ಆಗಬೇಕಿಲ್ಲ. ಸಮಶೀತೋಷ್ಣ ಪ್ರದೇಶದ ಪೆಟ್ಟಿಗೆಜೇನು ಹೆಚ್ಚಾಗಿ ಪಾಪ್ಲರ್ ಮರದ ಮೊಗ್ಗಿನ ಅಂಟು ತರುತ್ತದೆ. ಹೆಸರುವಾಸಿಯಾದ ಕೆಫೀಕ್ ಆಸಿಡ್ ಫಿನೆಥೈಲ್ ಎಸ್ಟರ್ ಎಂಬ ಸಂಯುಕ್ತ ಆ ಬಗೆಯ ಪ್ರೋಪೋಲಿಸ್‌ನದು. ಮುಜಂಟಿ ಬಳಗದ ನೊಣಗಳು ಸುತ್ತ ಯಾವ ಮರ ಒಸರುತ್ತದೋ ಅದನ್ನೇ ಹೊತ್ತು ತರುತ್ತವೆ. ಥಾಯ್ಲೆಂಡಿನ ಮುಜಂಟಿ ಪ್ರೋಪೋಲಿಸ್‌ನಲ್ಲಿ ಮ್ಯಾಂಗೋಸ್ಟೀನ್ ಮರದ ಆಲ್ಫಾ-ಮ್ಯಾಂಗೋಸ್ಟಿನ್ ಎಂಬ ಸಂಯುಕ್ತ ಸಿಕ್ಕಿದೆ. ಆಸ್ಟ್ರೇಲಿಯಾದ ಟೆಟ್ರಾಗೋನುಲಾ ಕಾರ್ಬೊನೇರಿಯಾ ಎಂಬ ಮುಜಂಟಿ ಬಳಗದ ನೊಣ, ನೀಲಗಿರಿ ಮರದ ಹತ್ತಿರದ ಸಂಬಂಧಿಯಾದ ಕೊರಿಂಬಿಯಾ ಟೊರೆಲಿಯಾನಾ ಮರದ ರಾಳ ತರುತ್ತದೆ. ಇವೆರಡರ ರಸಾಯನವೇ ಬೇರೆ ಬೇರೆ. ನಿಮ್ಮ ಎರಡು ಪೆಟ್ಟಿಗೆಗಳ ಅಂಟೂ ಒಂದೇ ಆಗಿರದಿರಬಹುದು.

ಲ್ಯಾಬಿನಲ್ಲಿ ಮತ್ತೆ ಮತ್ತೆ ಕಾಣುವುದೆಂದರೆ: ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂಥ ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಇ. ಕೋಲಿಯಂಥ ಗ್ರಾಂ-ನೆಗೆಟಿವ್ ಮೇಲೆ ಕಡಿಮೆ. ಅವುಗಳ ಹೊರಪೊರೆ ರಾಳದ ಅಣುಗಳನ್ನು ಸುಲಭಕ್ಕೆ ಒಳಬಿಡದಿರುವುದು ಇದಕ್ಕೆ ಮುಖ್ಯ ಕಾರಣ. ಉರಿಯೂತ ತಗ್ಗಿಸುವ ಗುಣ, ಆಂಟಿಆಕ್ಸಿಡೆಂಟ್ ಗುಣವೂ ಕಂಡಿವೆ, ಆದರೆ ಬಹುಪಾಲು ಜೀವಕೋಶ ಮತ್ತು ಇಲಿಗಳಲ್ಲಿ. ಬಾಯಿಹುಣ್ಣು, ತುಟಿಯ ಹರ್ಪಿಸ್‌ಗೆ ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಹೆಚ್ಚಾಗಿ ಪೆಟ್ಟಿಗೆಜೇನಿನವು. ಅವನ್ನು ತೋರಿಸಿ ಮುಜಂಟಿ ಅಂಟಿಗೆ ಪ್ರಮಾಣಪತ್ರ ಕೊಡುವುದು ಸರಿಯಲ್ಲ. ಕ್ಯಾನ್ಸರ್, ಸಕ್ಕರೆ ಕಾಯಿಲೆಗೆ ಇದೇ ಮದ್ದು ಎಂದು ಮಾರುವವರಿಂದ ದೂರವಿರಿ. ಯಾರೂ ಇದನ್ನು ನಂಬಿ ಮಾತ್ರೆ ನಿಲ್ಲಿಸಬಾರದು.

ಯಾರಾದರೂ ಅಗರ್ ತಟ್ಟೆಯ (ಬ್ಯಾಕ್ಟೀರಿಯಾ ಬೆಳೆಸಿ, ಟಿಂಕ್ಚರ್ ಹಾಕಿದ ಬಿಲ್ಲೆಯ ಸುತ್ತ ಅವು ಬೆಳೆಯದ ಜಾಗ ನೋಡುವ ತಟ್ಟೆ) ಫೋಟೋ ಹಾಕಿ ‘ನೋಡಿ, ಎಷ್ಟು ದೊಡ್ಡ ವೃತ್ತ’ ಎಂದರೆ, ಬರೀ ಶೇ. 70 ಮದ್ಯಸಾರ ಹಾಕಿದ ಬಿಲ್ಲೆ ಪಕ್ಕದಲ್ಲಿದೆಯೇ ಎಂದು ಕೇಳಿ. ಅದಿಲ್ಲದಿದ್ದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆದದ್ದು ರಾಳವೋ ಮದ್ಯಸಾರವೋ ಗೊತ್ತಾಗುವುದಿಲ್ಲ.

ಹನಿಗೂಡು:
ಹಾಗಾದರೆ ತರಚುಗಾಯಕ್ಕೆ ನೇರ ಟಿಂಕ್ಚರ್ ಹಚ್ಚಬಹುದೇ? ನೀರಿಗೆ ಹಾಕಿದರೆ ಹಾಲಿನಂತಾಗುತ್ತದೆ, ಕೆಟ್ಟಿದೆ ಎಂದರ್ಥವೇ?

ಸಸ್ಯಸಾರ:
ಕೆಟ್ಟಿಲ್ಲ. ಮದ್ಯಸಾರ ತೆಳುವಾದಾಗ ರಾಳ ಕಣಕಣವಾಗಿ ಹೊರಬೀಳುತ್ತದೆ, ಅಷ್ಟೇ. ಬಾಯಿ ಮುಕ್ಕಳಿಸಲು ಅರ್ಧ ಲೋಟ ನೀರಿಗೆ 10 ಹನಿ ಹಾಕಿ, ಕಲಕಿದ ಕೂಡಲೇ ಬಳಸಿ, ಉಗುಳಿ. ನಿಂತರೆ ಲೋಟಕ್ಕೆ ಅಂಟಿಬಿಡುತ್ತದೆ. ಎರಡು ವಾರವಾದರೂ ಹುಣ್ಣು ಮಾಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ತೆರೆದ ಗಾಯಕ್ಕೆ ಟಿಂಕ್ಚರ್ ಬೇಡ. ಮದ್ಯಸಾರ ಉರಿಸುತ್ತದೆ, ಮನೆಯಲ್ಲಿ ಮಾಡಿದ ಸಾರ ಸ್ಟೆರೈಲ್ ಕೂಡ ಅಲ್ಲ. ಚರ್ಮ ಕೂಡಿಕೊಂಡ ಮೇಲೆ ಬೇಕಿದ್ದರೆ ಮುಲಾಮು: ಶೇ. 4ರ ಟಿಂಕ್ಚರ್ 50 ಮಿ.ಲೀ. ತೆಗೆದುಕೊಂಡು ಪಾಕದಷ್ಟು ಮಂದವಾಗುವವರೆಗೆ ಆರಿಸಿ, ಬೆಚ್ಚಗೆ ಕರಗಿಸಿದ 98 ಗ್ರಾಂ ವ್ಯಾಸಲೀನಿಗೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತ ತಣ್ಣಗಾಗುವವರೆಗೂ ತಿರುವಿ. ಪೂರ್ತಿ ಒಣಗಿಸಿದರೆ ಗಟ್ಟಿ ಹರಳಾಗಿ ಮರಳಿನಂತೆ ಕೈಗೆ ಸಿಗುತ್ತದೆ.

ಅದಕ್ಕೂ ಮೊದಲು ಅಲರ್ಜಿ ಪರೀಕ್ಷೆ. ಇದೇ ಮುಲಾಮನ್ನು ಮೊಣಕೈಯ ಒಳಮಡಿಕೆಗೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ. ಪ್ರೋಪೋಲಿಸ್ ಅಲರ್ಜಿ ತಡವಾಗಿ ಏಳುವಂಥದ್ದು, ಮೊದಲ ದಿನ ಏನೂ ಆಗಲಿಲ್ಲವೆಂದು ನೆಚ್ಚಬೇಡಿ. ಕೆಂಪಾಗಿ ತುರಿಸಿದರೆ ಅಲ್ಲಿಗೇ ಬಿಡಿ. ಆಸ್ತಮಾ ಇರುವವರು, ಜೇನಿನ ಪದಾರ್ಥ ಅಥವಾ ಬಾಲ್ಸಮ್ ಆಫ್ ಪೆರು (ಒಂದು ಬಗೆಯ ಸುವಾಸನೆಯ ಮರದ ರಾಳ) ಆಗದವರು ಮುಟ್ಟದಿರುವುದೇ ಲೇಸು. ಮಕ್ಕಳಿಗೆ, ಗರ್ಭಿಣಿಯರಿಗೆ ಟಿಂಕ್ಚರ್ ಕೊಡಬೇಡಿ.

ಗೂಡುಪಾಲಕ:
ಎಲ್ಲಕ್ಕಿಂತ ಮೊದಲು ಪೆಟ್ಟಿಗೆ ಎಲ್ಲಿದೆ ನೋಡಿ. ಅಂಟಾಗಿರುವುದು ಸಿಕ್ಕರೆ ಈ ನೊಣಗಳು ಹಸಿ ಪೇಂಟು, ಡಾಂಬರನ್ನೂ ಹೊತ್ತು ತರುತ್ತವೆ. ಪ್ರಾಣಿಗಳ ಸಗಣಿಯನ್ನು ಗೂಡಿಗೆ ಬಳಿಯುವ ಜಾತಿಗಳೂ ಇವೆ. ಮುದ್ದೆಯಲ್ಲಿ ನೀಲಿ, ಬೆಳ್ಳಿ ಬಣ್ಣದ ಚುಕ್ಕೆ ಕಂಡರೆ ಅಥವಾ ಸೀಮೆಎಣ್ಣೆ ವಾಸನೆ ಬಂದರೆ ಎಸೆಯಿರಿ. ಹೆದ್ದಾರಿ, ಗ್ಯಾರೇಜ್ ಪಕ್ಕದ್ದಾದರೆ ಸೀಸದ ಪರೀಕ್ಷೆ ಆಗದೆ ಬಾಯಿಗೆ ಬಳಸಬೇಡಿ. ಸೋಸಿದರೆ ಸೀಸ ಹೋಗುತ್ತದೆಂದು ನಂಬುವ ಹಾಗಿಲ್ಲ.

ಇನ್ನೊಂದು ಮಾತು. ಆ ಅಂಟು ಚುಚ್ಚುಮುಳ್ಳಿಲ್ಲದ ನೊಣದ ಆಯುಧ. ಒಳನುಗ್ಗಿದ ಇರುವೆಯ ಮೈಗೆ ಅದನ್ನೇ ಮೆತ್ತಿ ಅಲ್ಲಾಡದಂತೆ ಮಾಡುತ್ತವೆ. ಗೂಡುಜೀರುಂಡೆಯನ್ನು ಜೀವಂತ ಅಂಟಿನಲ್ಲಿ ಹೂಳುವುದನ್ನು ಆಸ್ಟ್ರೇಲಿಯಾದಲ್ಲಿ ದಾಖಲಿಸಿದ್ದಾರೆ. ಆದ್ದರಿಂದ ಕುಟುಂಬ ಪಾಲು ಮಾಡುವಾಗ ಮುಚ್ಚಳದಂಚಿನಲ್ಲಿ ಸಿಕ್ಕಷ್ಟನ್ನೇ ತೆಗೆಯಿರಿ. ಬಾಗಿಲ ಕೊಳವೆ, ಮರಿಕೋಶದ ಸುತ್ತಲಿನ ಹೊದಿಕೆ ಮುಟ್ಟಬೇಡಿ. ಒಡೆದ ಕುಡಿಕೆಯಿಂದ ಪರಾಗ ಚೆಲ್ಲಿದ್ದರೆ ಅವತ್ತೇ ಒರೆಸಿ, ಇಲ್ಲವಾದರೆ ಫೋರಿಡ್ ನೊಣ ಬಂದು ಮೊಟ್ಟೆಯಿಡುತ್ತದೆ, ಅದರ ಹುಳುಗಳು ಕುಟುಂಬವನ್ನೇ ಮುಗಿಸಬಲ್ಲವು. ಮುಚ್ಚಳದ ಸಂದಿಗೆಲ್ಲ ಕಾಗದದ ಟೇಪು ಸುತ್ತಿ, ಒಳಗಿನಿಂದ ಅವೇ ಅಂಟು ಮೆತ್ತಿ ಮುಚ್ಚಿಕೊಳ್ಳುವವರೆಗೆ ಬಿಚ್ಚಬೇಡಿ.