ಮೊದಲ ದಿನವೇ ಸುಸ್ತು ಹೊಡೆಸಿದೆ, ಕ್ಲೈಂಟ್ ಮತ್ತೆ ಬರಲಿಲ್ಲ: ವ್ಯಾಯಾಮದ ಯೋಜನೆಯನ್ನು ನೀವು ಹೇಗೆ ಮಾಡುತ್ತೀರಿ?

ಪ್ರಶ್ನೆ ಕೇಳಿದವರು

ಪರ್ಸನಲ್ ಟ್ರೈನರ್ ಆಗಿ ಆರು ತಿಂಗಳಾಯಿತು. ಪ್ರಮಾಣಪತ್ರವಿದೆ, ಓದಿದ್ದೂ ನೆನಪಿದೆ. ಆದರೆ ಎದುರಿಗೆ ಒಬ್ಬ ಮನುಷ್ಯ ಬಂದು ನಿಂತಾಗ ಎಲ್ಲಿಂದ ಶುರು ಮಾಡಲಿ ಎಂದು ತಡವರಿಸುತ್ತೇನೆ. ಕಳೆದ ತಿಂಗಳು ಮೂವತ್ತರ ಆಸುಪಾಸಿನವರೊಬ್ಬರು ಸೇರಿದರು. "ಕಾಲೇಜಿನಲ್ಲಿ ಆಟಗಾರನಾಗಿದ್ದೆ, ಎಷ್ಟು ಬೇಕಾದರೂ ಮಾಡಿಸಿ" ಎಂದರು. ನಾನೂ ಹುರುಪಿನಿಂದ ಸ್ಕ್ವಾಟ್ (ಕುಳಿತೇಳುವುದು), ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸಿ ಇಳಿಯುವುದು), ಜಿಗಿತ ಎಲ್ಲ ಸೇರಿಸಿ ಒಂದು ಗಂಟೆ ಬೆವರಿಳಿಸಿದೆ. ನಗುತ್ತಲೇ ಹೋದರು. ಎರಡು ದಿನ ಬಿಟ್ಟು "ಮೆಟ್ಟಿಲು ಇಳಿಯಲು ಆಗುತ್ತಿಲ್ಲ" ಎಂಬ ಸಂದೇಶ ಬಂತು, ಮನುಷ್ಯ ಮಾತ್ರ ಮತ್ತೆ ಬರಲಿಲ್ಲ.

ಈಗ ಇಬ್ಬರು ಹೊಸಬರಿದ್ದಾರೆ. ಒಬ್ಬರಿಗೆ 52 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಇನ್ನೊಬ್ಬರು 38 ವರ್ಷದ ಮಹಿಳೆ, ದಿನವಿಡೀ ಕುಳಿತು ಮಾಡುವ ಕೆಲಸ, ಎರಡು ವರ್ಷದಿಂದ ಆಗಾಗ ಸೊಂಟನೋವು. ವೈದ್ಯರು ಇಬ್ಬರಿಗೂ "ವ್ಯಾಯಾಮ ಮಾಡಿ" ಎಂದಷ್ಟೇ ಹೇಳಿದ್ದಾರೆ. ಮೊದಲ ತಿಂಗಳು ನೀವಾದರೆ ಏನು ಮಾಡಿಸುತ್ತೀರಿ? ಎಷ್ಟು ಭಾರ ಕೊಡುತ್ತೀರಿ? ಯಾವಾಗ ಹೆಚ್ಚಿಸುತ್ತೀರಿ?

ಹದಿನಾಲ್ಕು ವರ್ಷದಿಂದ ಟ್ರೈನರ್

ಒಂದು ಸಮಾಧಾನ ಹೇಳಿಬಿಡುತ್ತೇನೆ: ಈ ಕೆಲಸಕ್ಕೆ ಬಂದವರು ಒಬ್ಬರನ್ನಾದರೂ ಹೀಗೆ ಕಳೆದುಕೊಂಡಿರುತ್ತಾರೆ. ನಾನು ಇಬ್ಬರನ್ನು ಕಳೆದುಕೊಂಡೆ, ಅದೂ ಒಂದೇ ವಾರದಲ್ಲಿ.

ನೀವು ಆರಿಸಿದ ವ್ಯಾಯಾಮಗಳು ತಪ್ಪಲ್ಲ, ಪ್ರಮಾಣ ತಪ್ಪು. ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆಯಬೇಕಾದ ಚಲನೆಗಳಿವೆಯಲ್ಲ, ಲಂಜ್‌ನಲ್ಲಿ ಕೆಳಗಿಳಿಯುವುದು, ಜಿಗಿದು ನೆಲಕ್ಕೆ ಬರುವುದು, ಅವೇ ಮೈಕೈ ನೋವನ್ನು ಹೆಚ್ಚು ತರುವವು. ಆ ನೋವು ಅಂದೇ ಕಾಣಿಸುವುದಿಲ್ಲ, 24ರಿಂದ 72 ಗಂಟೆಗಳ ನಡುವೆ ಏರುತ್ತದೆ. ಆದ್ದರಿಂದ ಹೊರಡುವಾಗಿನ ನಗುವನ್ನು ನಂಬಬೇಡಿ. ಹಳೆಯ ಆಟಗಾರರ ಬಗ್ಗೆಯಂತೂ ನನಗೆ ಎಲ್ಲರಿಗಿಂತ ಹೆಚ್ಚು ಭಯ. ಹೊಸಬರು ಹೆದರಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಇವರು ನಿಲ್ಲಿಸುವುದಿಲ್ಲ. ಮನಸ್ಸು ಇನ್ನೂ ಇಪ್ಪತ್ತರಲ್ಲೇ ಇರುತ್ತದೆ, ಸ್ನಾಯು ಹತ್ತು ವರ್ಷ ಕುರ್ಚಿಯಲ್ಲಿ ಕುಳಿತಿರುತ್ತದೆ. ಅಂಥವರಿಗೆ ವಿಪರೀತ ನೋವಿನ ಜೊತೆ ಕೈಕಾಲು ಊದಿಕೊಂಡು ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಅದು ಮಾಮೂಲಿ ಮೈಕೈ ನೋವಲ್ಲ. ರ‍್ಯಾಬ್ಡೊಮಯೊಲಿಸಿಸ್ ಆಗಿರಬಹುದು. ಸ್ನಾಯು ಕೋಶಗಳು ಒಡೆದು ಅವುಗಳ ಅಂಶ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು. ಈ ಒಂದು ಮಾತನ್ನು ಪ್ರತಿ ಹೊಸಬರಿಗೂ ಹೇಳಿಡುತ್ತೇನೆ.

ನನ್ನ ಮೊದಲ ದಿನದಲ್ಲಿ ಅರ್ಧ ಮಾತುಕತೆಗೇ ಹೋಗುತ್ತದೆ. ಮೂರು ಸಂಗತಿ ಗೊತ್ತಾಗಬೇಕು: ಈಗ ನಿಯಮಿತವಾಗಿ ಏನಾದರೂ ಮಾಡುತ್ತಿದ್ದಾರೆಯೇ, ಹೃದಯ, ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆ ಇದೆಯೇ, ಎದೆನೋವು, ತಲೆಸುತ್ತು, ಅಕಾರಣ ಏದುಸಿರಿನಂಥ ಲಕ್ಷಣಗಳು ಕಾಣಿಸಿಕೊಂಡಿವೆಯೇ. ಲಕ್ಷಣವಿದ್ದರೆ ಆ ದಿನ ಡಂಬೆಲ್ ಮುಟ್ಟಿಸುವುದಿಲ್ಲ, ವೈದ್ಯರ ಬಳಿ ಹೋಗಿ ಬನ್ನಿ ಎನ್ನುತ್ತೇನೆ. ಇದಕ್ಕೆಲ್ಲ ಸಿದ್ಧ ಪ್ರಶ್ನಾವಳಿಗಳಿವೆ, ಬಳಸಿ. ಆದರೆ ಹಾಳೆಯ ಮೇಲೆ ಜನ ಎಲ್ಲವನ್ನೂ ಬರೆಯುವುದಿಲ್ಲ. ಒಬ್ಬರು ಎಲ್ಲ ಪ್ರಶ್ನೆಗೂ "ಇಲ್ಲ" ಎಂದು ಗುರುತು ಹಾಕಿ ಕೊಟ್ಟರು. ಶೂ ಬಿಚ್ಚುವಾಗ ನೋಡಿದೆ: ಎಡಗಾಲಿನದನ್ನು ನಿಂತೇ ಬಿಚ್ಚಿದರು, ಬಲಗಾಲಿನದಕ್ಕೆ ಮಾತ್ರ ಗೋಡೆ ಹಿಡಿದು ಬೆಂಚಿನ ಮೇಲೆ ಕುಳಿತರು. ಕೇಳಿದರೆ, "ಓ, ಮಂಡಿಯ ಆಪರೇಷನ್ ಆಗಿತ್ತು, ಅದು ಹನ್ನೊಂದು ವರ್ಷದ ಹಿಂದಿನದು ಬಿಡಿ." ಅಂದಿನಿಂದ ನಾನು ಹಾಳೆಯನ್ನು ಓದುವುದಕ್ಕಿಂತ ಮೊದಲು ಶೂ ಬಿಚ್ಚುವುದನ್ನು ನೋಡುತ್ತೇನೆ.

ಯೋಜನೆ ಎಂದರೆ ದೊಡ್ಡ ಕೋಷ್ಟಕ ಎಂದುಕೊಳ್ಳಬೇಡಿ. ಕುಳಿತೇಳುವುದು, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಬಾಗುವುದು, ತಳ್ಳುವುದು, ಎಳೆಯುವುದು, ಭಾರ ಹೊತ್ತು ನಡೆಯುವುದು. ಈ ಐದರಲ್ಲಿ ಒಂದೊಂದಕ್ಕೆ ಅವರಿಗೆ ಸಲೀಸಾಗಿ ಬರುವ ಒಂದು ರೂಪ ಸಾಕು. ವಾರಕ್ಕೆ ಎರಡು ದಿನ, ಎರಡೆರಡು ಸೆಟ್ (ಸುತ್ತು), ಪ್ರತಿ ಸೆಟ್‌ನಲ್ಲಿ 8ರಿಂದ 12 ರೆಪ್ (ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ಎಣಿಕೆ). ಸೆಟ್ ಮುಗಿದಾಗ "ಇನ್ನೆಷ್ಟು ಆಗುತ್ತಿತ್ತು?" ಎಂದು ಕೇಳುತ್ತೇನೆ. ಮೊದಲ ಎರಡು ವಾರ ಉತ್ತರ "ಇನ್ನೂ ಮೂರು-ನಾಲ್ಕು" ಎಂದಿರಬೇಕು. "ಒಂದೂ ಆಗುತ್ತಿರಲಿಲ್ಲ" ಎಂದರೆ ಭಾರ ಇಳಿಸುತ್ತೇನೆ. ಹೊಸಬರ ಲೆಕ್ಕ ಪಕ್ಕಾ ಇರುವುದಿಲ್ಲ, ಅದು ಬೇರೆ ಮಾತು. ಆದ್ದರಿಂದ ಕೊನೆಯ ರೆಪ್‌ಗಳ ವೇಗವನ್ನೂ ಗಮನಿಸುತ್ತೇನೆ. ಮೇಲೇಳುವ ವೇಗ ಥಟ್ಟನೆ ಕುಸಿದರೆ ಬಾಯಿ ಏನೇ ಹೇಳಲಿ, ಉಳಿದಿರುವುದು ಒಂದೋ ಎರಡೋ ಅಷ್ಟೇ.

ಮೂರು ಸೆಟ್, ಹತ್ತು ರೆಪ್ ಎಂಬ ಲೆಕ್ಕವನ್ನು ಎಲ್ಲರೂ ಮಂತ್ರದಂತೆ ಹೇಳುತ್ತಾರೆ. ಅದರ ಹಿಂದೆ 1940ರ ದಶಕದ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಇದ್ದಾರೆ. ಗಾಯಗೊಂಡ ಸೈನಿಕರಿಗಾಗಿ ಅವರು ರೂಪಿಸಿದ ಕ್ರಮ ಕೊನೆಗೆ ನಿಂತ ಬಗೆ ಹೀಗೆ: ಹತ್ತು ಸಲ ಮಾತ್ರ ಎತ್ತಲಾಗುವ ಭಾರವನ್ನು ಅಳೆದು, ಮೊದಲ ಸೆಟ್‌ನಲ್ಲಿ ಅದರ ಅರ್ಧ, ಎರಡನೆಯದರಲ್ಲಿ ಮುಕ್ಕಾಲು, ಮೂರನೆಯದರಲ್ಲಿ ಮಾತ್ರ ಪೂರ್ತಿ. ನಾವು ಅಂಕಿಯನ್ನು ಉಳಿಸಿಕೊಂಡು ಏರಿಕೆಯ ಮೆಟ್ಟಿಲನ್ನು ಬಿಟ್ಟುಬಿಟ್ಟಿದ್ದೇವೆ.

ಹೃದ್ರೋಗಿಗಳ ವ್ಯಾಯಾಮ ವಿಭಾಗದಲ್ಲಿ ಕೆಲಸ ಮಾಡಿದವರು

52 ವರ್ಷದವರ ಬಗ್ಗೆ ಮಾತ್ರ ಹೇಳುತ್ತೇನೆ. ಮೊದಲು ಮಾತ್ರೆಯ ಹೆಸರು ಕೇಳಿ ಬರೆದುಕೊಳ್ಳಿ. ಅದು ಬೀಟಾ ಬ್ಲಾಕರ್ ವರ್ಗದ್ದಾದರೆ ಹೃದಯ ಬಡಿತ ಏರುವುದನ್ನೇ ತಡೆದಿಟ್ಟಿರುತ್ತದೆ. ಗರಿಷ್ಠ ಬಡಿತವನ್ನು ಅಂದಾಜಿಸಲು 220ರಲ್ಲಿ ವಯಸ್ಸನ್ನು ಕಳೆದರೆ 168 ಬರುತ್ತದೆ, ಅದರ ಶೇ. 70 ಎಂದರೆ ಸುಮಾರು 118. ನೀವು ಕೈಗಡಿಯಾರ ನೋಡಿಕೊಂಡು ಆ 118ರ ಬೆನ್ನು ಹತ್ತಿದರೆ ಮನುಷ್ಯ ಹೈರಾಣಾಗುತ್ತಾನೆ, ಅಂಕಿ ಮಾತ್ರ ಏರುವುದಿಲ್ಲ. ಮಾತ್ರೆ ಇಲ್ಲದವರಲ್ಲೂ ಆ ಸೂತ್ರ ಹತ್ತು-ಹನ್ನೆರಡು ಬಡಿತ ಆಚೀಚೆ ತಪ್ಪುವುದು ಸಾಮಾನ್ಯ.

ಇಂಥವರಲ್ಲಿ ಮಾತೇ ಮಾಪನ. ನಡೆಯುತ್ತಲೋ ಸೈಕಲ್ ತುಳಿಯುತ್ತಲೋ ಪೂರ್ತಿ ವಾಕ್ಯ ಹೇಳಲು ಬರಬೇಕು, ಆದರೆ ಹಾಡಲು ಆಗಬಾರದು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರ ಶ್ರಮದ ಮಾಪಕ ಬಳಸುವವರಾದರೆ 11ರಿಂದ 13ರೊಳಗೆ ಇಡಿ.

ಭಾರ ಎತ್ತುವಾಗ ಉಸಿರು ಬಿಗಿಹಿಡಿಯಲು ಬಿಡಬೇಡಿ, ಒತ್ತಡ ಕ್ಷಣದಲ್ಲೇ ಜಿಗಿಯುತ್ತದೆ. "ಎತ್ತುವಾಗ ಉಸಿರು ಬಿಡಿ" ಎಂದು ನೂರು ಸಲ ಹೇಳುವುದಕ್ಕಿಂತ ರೆಪ್ ಎಣಿಸುವ ಕೆಲಸವನ್ನು ಅವರಿಗೇ ಕೊಡಿ, ಗಟ್ಟಿಯಾಗಿ. ಎಣಿಸುವವನು ಉಸಿರು ಹಿಡಿಯಲಾರ. ಮಲಗಿ ಮಾಡುವುದನ್ನು ಮುಗಿಸಿ ದಿಢೀರನೆ ಎದ್ದರೆ ಕಣ್ಣು ಕತ್ತಲೆ ಬರಬಹುದು, ಆದ್ದರಿಂದ ಮೊದಲು ಕುಳಿತು, ಒಂದು ನಿಮಿಷ ಬಿಟ್ಟು ಏಳಲಿ. ಕೊನೆಯಲ್ಲಿ ಐದು-ಹತ್ತು ನಿಮಿಷ ನಿಧಾನವಾಗಿ ನಡೆಸಿಯೇ ನಿಲ್ಲಿಸಿ.

ಶುರುವಿಗೆ ಮುನ್ನ ಒತ್ತಡ ಅಳೆಯಿರಿ. 200/110 ಮೀರಿದ್ದರೆ ಆ ದಿನ ವ್ಯಾಯಾಮ ಬೇಡವೇ ಬೇಡ. ನಾನಂತೂ ಮೇಲಿನ ಅಂಕಿ 180 ದಾಟಿದರೂ ಮನೆಗೆ ಕಳುಹಿಸಿ ವೈದ್ಯರಿಗೆ ತಿಳಿಸಲು ಹೇಳುತ್ತಿದ್ದೆ. ಬೈಸಿಕೊಂಡಿದ್ದೇನೆ, ಪಶ್ಚಾತ್ತಾಪವಿಲ್ಲ.

ಫಿಸಿಯೊಥೆರಪಿಸ್ಟ್

ಸೊಂಟನೋವಿನವರ ವಿಷಯ. ಮೊದಲು ನಾಲ್ಕು ಪ್ರಶ್ನೆ ಕೇಳಿ: ತೊಡೆಗಳ ನಡುವೆ ಮರಗಟ್ಟಿದ ಹಾಗೆ ಆಗುತ್ತದೆಯೇ? ಮಲಮೂತ್ರದ ಹಿಡಿತ ತಪ್ಪಿದೆಯೇ? ಕಾಲಿನ ಬಲ ಕುಂದುತ್ತಿದೆಯೇ? ಜ್ವರವೋ ಕಾರಣವಿಲ್ಲದೆ ತೂಕ ಇಳಿಯುವುದೋ ಜೊತೆಗಿದೆಯೇ? ಒಂದಕ್ಕೆ "ಹೌದು" ಎಂದರೂ ನಿಮ್ಮ ಕೆಲಸ ಅಲ್ಲಿಗೆ ನಿಂತಿತು, ಅವರು ವೈದ್ಯರ ಬಳಿ ಹೋಗಬೇಕು. ಮೊದಲ ಎರಡಕ್ಕಾದರೆ ಅಂದೇ, ತಡಮಾಡದೆ.

ಎಲ್ಲಕ್ಕೂ "ಇಲ್ಲ" ಎಂದರೆ ಚಲನೆಯೇ ಮದ್ದು. ನನ್ನ ಬಳಿಗೆ ಬರುವ ಎಷ್ಟೋ ಜನರನ್ನು ನೋವಿಗಿಂತ ಹೆಚ್ಚು ಕಾಡುವುದು ಯಾರೋ ಆಡಿದ ಒಂದು ಮಾತು. "ನಿಮ್ಮ ಡಿಸ್ಕ್ ಜಾರಿದೆ, ಬಾಗಲೇಬೇಡಿ" ಎಂದು ಒಬ್ಬ ಟ್ರೈನರ್ ಹೇಳಿದ್ದನ್ನು ನಂಬಿ ಮೂರು ವರ್ಷ ಬಾಗದವರೊಬ್ಬರು ಬಂದಿದ್ದರು. ನೆಲದ ಮೇಲೆ ಬಿದ್ದ ಪೆನ್ನನ್ನು ಎತ್ತಿಕೊಳ್ಳಲು ಮೇಜು ಹಿಡಿದು, ಉಸಿರು ಬಿಗಿಹಿಡಿದು, ಇಡೀ ಬೆನ್ನನ್ನು ಹಲಗೆಯ ಹಾಗೆ ಮಾಡಿಕೊಂಡು ಇಳಿದರು. ರೋಗಕ್ಕೆ ಹೆಸರಿಡುವುದು ಟ್ರೈನರ್ ಕೆಲಸವಲ್ಲ, ದಯವಿಟ್ಟು ಅದನ್ನು ಮಾಡಬೇಡಿ.

ಬಾಗುವುದನ್ನು ಕಲಿಸಲು ಒಂದು ಕೋಲು ಸಾಕು. ಬೆನ್ನ ಮೇಲೆ ಉದ್ದಕ್ಕೆ ಇಟ್ಟು ತಲೆ, ಬೆನ್ನಿನ ಮೇಲ್ಭಾಗ, ಬಾಲಮೂಳೆ ಮೂರೂ ತಾಗುವಂತೆ ಹಿಡಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳಲು ಹೇಳಿ. ಒಂದು ಕಡೆ ಕೋಲು ಬಿಟ್ಟಿತೆಂದರೆ ಅಲ್ಲಿಗೆ ಅಂದಿನ ಆಳ ಮುಗಿಯಿತು. ಅದಾದ ಮೇಲೆ ಭಾರ. ಡೆಡ್‌ಲಿಫ್ಟ್ (ಬಾಗಿ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವುದು) ನೆಲದಿಂದಲೇ ಶುರುವಾಗಬೇಕೆಂಬ ನಿಯಮವಿಲ್ಲ. ಮಂಡಿಯ ಎತ್ತರದ ಪೆಟ್ಟಿಗೆಯ ಮೇಲಿಂದ ಎತ್ತಿಸಿ, ವಾರಗಳು ಕಳೆದಂತೆ ಪೆಟ್ಟಿಗೆಯನ್ನು ತಗ್ಗಿಸಿ. ಪ್ಲ್ಯಾಂಕ್‌ನಲ್ಲಿ (ಮುಂಗೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿಯುವುದು) ಎರಡು ನಿಮಿಷ ನಡುಗಿಸುವ ಬದಲು 10 ಸೆಕೆಂಡಿನಂತೆ ಐದಾರು ಸಲ ಹಿಡಿಸಿ.

ನೋವನ್ನು ಸೊನ್ನೆಯಿಂದ ಹತ್ತರವರೆಗೆ ಎಷ್ಟೆಂದು ಕೇಳಿ. ಮೂರರವರೆಗೆ ಇದ್ದು, ಮರುದಿನ ಬೆಳಿಗ್ಗೆ ಮೊದಲಿನ ಸ್ಥಿತಿಗೆ ಬಂದರೆ ಮುಂದುವರಿಯಿರಿ. ಮರುದಿನವೂ ಏರಿಯೇ ಇದ್ದರೆ ವ್ಯಾಯಾಮವನ್ನು ಕಿತ್ತುಹಾಕಬೇಡಿ, ಭಾರವನ್ನೋ ಆಳವನ್ನೋ ಕಡಿಮೆ ಮಾಡಿ ನೋಡಿ.

ಇನ್ನೊಬ್ಬ ಟ್ರೈನರ್

ಮೇಲಿನವರೆಲ್ಲ ಹೇಳಿದ್ದು ಸರಿ, ಆದರೆ ಒಂದು ತಕರಾರು. ಹಣ ಕೊಟ್ಟು ಬಂದವರಿಗೆ ಎರಡು ಸೆಟ್ ಮಾಡಿಸಿ "ಇನ್ನೂ ನಾಲ್ಕು ಆಗುತ್ತಿತ್ತಲ್ಲ, ಸಾಕು" ಎಂದರೆ ಅವರು ನಾಳೆ ಪಕ್ಕದ ಟ್ರೈನರ್ ಬಳಿ ಹೋಗುತ್ತಾರೆ. ಬೆವರದಿದ್ದರೆ ವ್ಯಾಯಾಮವೇ ಆಗಲಿಲ್ಲ ಎಂದುಕೊಳ್ಳುವವರೇ ಹೆಚ್ಚು. ಇದನ್ನು ಹೇಗೆ ನಿಭಾಯಿಸುತ್ತೀರಿ?

ಹದಿನಾಲ್ಕು ವರ್ಷದಿಂದ ಟ್ರೈನರ್

ತಕರಾರು ನ್ಯಾಯವಾದದ್ದೇ. ಬೆವರು ಬೇಕೆಂದರೆ ಕೊಡಿ, ನೋವು ತರದ ದಾರಿಯಿಂದ ಕೊಡಿ. ಸೈಕಲ್ ತುಳಿಯುವುದು, ಸ್ಲೆಡ್ (ಭಾರ ಹೇರಿ ನೆಲದ ಮೇಲೆ ಜಾರಿಸುವ ಚೌಕಟ್ಟು) ತಳ್ಳುವುದು ಇಂಥವುಗಳಲ್ಲಿ ಭಾರವನ್ನು ತಡೆದು ಇಳಿಸುವ ಹಂತ ಇಲ್ಲವೆನ್ನುವಷ್ಟು ಕಡಿಮೆ. ಆರೋಗ್ಯ ಸರಿಯಿರುವವರಿಗೆ ಕೊನೆಯ ಎಂಟು ನಿಮಿಷ ಸ್ಲೆಡ್ ಕೊಟ್ಟರೆ ಅಂಗಿ ಒದ್ದೆಯಾಗುತ್ತದೆ, ಮರುದಿನ ಮೆಟ್ಟಿಲೂ ಇಳಿಯುತ್ತಾರೆ. ಹಳೆಯ ಆಟಗಾರರಿಗೆ ನಾನು ಮಾಡಿಸುವುದು ಇದನ್ನೇ. ಅವರ ಅಭಿಮಾನಕ್ಕೂ ಪೆಟ್ಟಾಗುವುದಿಲ್ಲ.

ಕ್ಲೈಂಟ್ ಆಗಿರುವವರು

ನಾನು ಟ್ರೈನರ್ ಅಲ್ಲ, ಮೂವರು ಟ್ರೈನರ್‌ಗಳನ್ನು ನೋಡಿದವಳು. ಮೊದಲಿನವರು ನನ್ನ ಸೆಟ್ ನಡೆಯುವಾಗ ಮೊಬೈಲ್ ನೋಡುತ್ತಿದ್ದರು, ಎಂಟಾದ ಮೇಲೆ ಮತ್ತೆ ಆರು ಎಂದು ಎಣಿಸಿದ್ದರು. ಎರಡನೆಯವರ ಬಳಿ ಪ್ರತಿ ದಿನ ಹೊಸ ವ್ಯಾಯಾಮ. ಮಜವಾಗಿತ್ತು, ಆದರೆ ಆರು ತಿಂಗಳಾದ ಮೇಲೆ ನಾನು ಯಾವುದರಲ್ಲಿ ಮುಂದುವರಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಈಗಿನವರ ಬಳಿ ಮೂರು ವರ್ಷದಿಂದ ಇದ್ದೇನೆ. ಬಾಗಿಲಲ್ಲೇ "ನಿನ್ನೆ ನಿದ್ದೆ ಹೇಗಿತ್ತು?" ಎಂದು ಕೇಳುತ್ತಾರೆ. ನಾಲ್ಕು ಗಂಟೆ ಎಂದರೆ ನೋಟ್‌ಬುಕ್ಕಿನ ಹಿಂದಿನ ಪುಟ ತಿರುವುತ್ತಾರೆ. ಅಲ್ಲಿ ಇಪ್ಪತ್ತು ನಿಮಿಷದ ಚಿಕ್ಕ ಯೋಜನೆಯೊಂದು ಮೊದಲೇ ಬರೆದಿದೆ: ಅವೇ ಚಲನೆಗಳು, ಒಂದೊಂದು ಸೆಟ್ ಕಡಿಮೆ, ಭಾರವೂ ಕಡಿಮೆ. ಆ ಪುಟ ಇಲ್ಲದಿದ್ದರೆ ಅಂಥ ದಿನಗಳಲ್ಲಿ ನಾನು ಹೋಗುತ್ತಲೇ ಇರಲಿಲ್ಲ.

ಪ್ರಶ್ನೆ ಕೇಳಿದವರು

ಐದು ವಾರ ಕಳೆದವು, ವರದಿ ಒಪ್ಪಿಸುತ್ತಿದ್ದೇನೆ. 52 ವರ್ಷದವರ ಮಾತ್ರೆ ಬೀಟಾ ಬ್ಲಾಕರ್ ಎಂದೇ ತಿಳಿಯಿತು. ಈಗ ಅವರು ರೆಪ್‌ಗಳನ್ನು ಎಷ್ಟು ಜೋರಾಗಿ ಎಣಿಸುತ್ತಾರೆಂದರೆ ಪಕ್ಕದವರ ಲೆಕ್ಕ ತಪ್ಪುತ್ತದೆ. ಸೊಂಟನೋವಿನವರು ಕೋಲಿನಿಂದ ಪೆಟ್ಟಿಗೆಗೆ ಬಂದಿದ್ದಾರೆ. ನಡುವೆ ಒಂದು ವಾರ ನೋವು ಐದಕ್ಕೆ ಏರಿತ್ತು. ಪೆಟ್ಟಿಗೆಯನ್ನು ಮತ್ತೆ ಎತ್ತರಿಸಿದೆ, ಇಳಿಯಿತು. ಹಳೆಯ ಆಟಗಾರರಿಗೆ ಕ್ಷಮೆ ಕೇಳಿ ಸಂದೇಶ ಕಳುಹಿಸಿದೆ, ಓದಿದ್ದಾರೆ, ಉತ್ತರವಿಲ್ಲ.

ಒಂದು ಸಂದೇಹ. ಸೊಂಟನೋವಿನವರು 8 ಕಿಲೋ ಡಂಬೆಲ್ ಎದೆಗೆ ಹಿಡಿದು ಬೆಂಚಿನವರೆಗೆ ಸ್ಕ್ವಾಟ್ ಮಾಡುತ್ತಾರೆ. ಎರಡು ಸಲ ಸತತವಾಗಿ 12 ರೆಪ್ ಆಯಿತು, ಇನ್ನೂ ಎರಡು ಉಳಿದಿದ್ದವು. 10 ಕಿಲೋ ಕೊಡಲೇ?

ಹದಿನಾಲ್ಕು ವರ್ಷದಿಂದ ಟ್ರೈನರ್

ಸಾಮಾನ್ಯವಾಗಿ ಶೇ. 2ರಿಂದ 10ರಷ್ಟು ಏರಿಸಿ ಎನ್ನುತ್ತಾರೆ. 8ರಿಂದ 10 ಎಂದರೆ ನೋಡಲು ಎರಡೇ ಕಿಲೋ, ಲೆಕ್ಕ ಹಾಕಿದರೆ ಶೇ. 25. ನಡುವೆ 9ರ ಡಂಬೆಲ್ ಇಲ್ಲದಿದ್ದರೆ ಇದೇ 8ರಲ್ಲಿ 15 ರೆಪ್‌ವರೆಗೆ ಹೋಗಲಿ, ಇಳಿಯುವಾಗ ಮೂರು ಸೆಕೆಂಡ್ ತೆಗೆದುಕೊಳ್ಳಲಿ. ಆಮೇಲೆ 10 ಕೊಟ್ಟು ಮತ್ತೆ 8 ರೆಪ್‌ನಿಂದ ಶುರು ಮಾಡಿ. ಮೊದಲ ದಿನ ಒಂದೇ ಸೆಟ್ 10ರಲ್ಲಿ, ಇನ್ನೊಂದು ಹಳೆಯ 8ರಲ್ಲೇ. ಮರುದಿನ ಬೆಳಿಗ್ಗೆ ಸೊಂಟ ಹೇಗಿದೆ ಎಂದು ಒಂದು ಸಂದೇಶ ಹಾಕಿ ಕೇಳಿ, ಎರಡನೆಯ ಸೆಟ್‌ನ ಮಾತು ಅದಾದ ಮೇಲೆ.