ಇಂಗ್ಲೆಂಡಿನಲ್ಲಿ ಸಾಲ ಪಡೆದು ಮನೆ ಕೊಳ್ಳುವಾಗ ಸಾಲಿಸಿಟರ್‌ರನ್ನು ಆರಿಸುವುದು ಹೇಗೆ?

ಪ್ರಶ್ನೆ: ನೇತ್ರಾವತಿ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಪತಿ ಮಿಲ್ಟನ್ ಕೀನ್ಸ್‌ನಲ್ಲಿ 3 ಲಕ್ಷ 40 ಸಾವಿರ ಪೌಂಡ್ ಬೆಲೆಯ ಒಂದು ಲೀಸ್‌ಹೋಲ್ಡ್ (ನಿಗದಿತ ವರ್ಷಗಳ ಗುತ್ತಿಗೆಯ) ಫ್ಲ್ಯಾಟ್ ಕೊಳ್ಳಲು ಮುಂದಾಗಿದ್ದೇವೆ. ನಾವು ಹೇಳಿದ ಬೆಲೆಯನ್ನು ಮಾರುವವರು ಒಪ್ಪಿದ್ದಾರೆ, ಬ್ಯಾಂಕಿನಿಂದ ತಾತ್ವಿಕ ಒಪ್ಪಿಗೆಯೂ ದೊರೆತಿದೆ. ಈಗ ಎಸ್ಟೇಟ್ ಏಜೆಂಟ್ ನಮ್ಮ ಸಾಲಿಸಿಟರ್ (ಖರೀದಿಯ ಕಾನೂನು ಕೆಲಸ ನೋಡುವ ವಕೀಲರು) ಯಾರೆಂದು ಕೇಳುತ್ತಿದ್ದಾರೆ. ತಮಗೆ ಪರಿಚಯವಿರುವ ಸಂಸ್ಥೆಗೇ ಕೆಲಸ ಒಪ್ಪಿಸಿದರೆ ಎಲ್ಲವೂ ಬೇಗ ಮುಗಿಯುತ್ತದೆ ಎಂದು ಪದೇ ಪದೇ ಹೇಳುತ್ತಿದ್ದಾರೆ. ನಾವೇ ವಿಚಾರಿಸಿದಾಗ ಒಂದೊಂದು ಸಂಸ್ಥೆಯ ಶುಲ್ಕವೂ ಒಂದೊಂದು ರೀತಿ ಇದ್ದು, ಯಾವುದರಲ್ಲಿ ಏನು ಸೇರಿದೆ ಎಂಬುದೇ ತಿಳಿಯುತ್ತಿಲ್ಲ. ಡಿಪಾಸಿಟ್‌ನ ಒಂದು ಭಾಗವನ್ನು ನನ್ನ ಮಾವನವರು ಊರಿನಿಂದ ಕಳುಹಿಸಲಿದ್ದಾರೆ. ನನ್ನ ಪತಿಯ ಹೆಸರಿನಲ್ಲಿ ಮೈಸೂರಿನಲ್ಲಿ ಒಂದು ಮನೆ ಇದೆ, ಆದರೆ ಈ ದೇಶದಲ್ಲಿ ಇದೇ ನಮ್ಮ ಮೊದಲ ಖರೀದಿ. ಸಾಲಿಸಿಟರ್‌ರನ್ನು ಆರಿಸುವಾಗ ಏನೇನು ವಿಚಾರಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಅಶ್ವತ್ಥ

ನೇತ್ರಾವತಿಯವರೇ, ಮೊದಲಿಗೆ ಏಜೆಂಟರ ಒತ್ತಾಯದ ಬಗ್ಗೆ ಹೇಳುತ್ತೇನೆ. ಅವರು ಸೂಚಿಸಿದ ಸಂಸ್ಥೆಯನ್ನೇ ನೀವು ಹಿಡಿಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಇಂತಹ ಶಿಫಾರಸಿನ ಹಿಂದೆ ಅನೇಕ ಸಲ ಕಮಿಷನ್ ಇರುತ್ತದೆ. ಅದು ಕಾನೂನುಬಾಹಿರವಲ್ಲ, ಆದರೆ ಅದನ್ನು ನಿಮಗೆ ತಿಳಿಸುವುದು ಅವರ ಕರ್ತವ್ಯ. ಎಷ್ಟು ಹಣ ಕೈ ಬದಲಾಗುತ್ತದೆ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಏಜೆಂಟ್ ಮಾರುವವರ ಪರವಾಗಿ ಕೆಲಸ ಮಾಡುವವರು. ನಿಮ್ಮ ಹಿತ ನೋಡಬೇಕಾದ ವ್ಯಕ್ತಿಯನ್ನು ಅವರೇ ಆರಿಸಿಕೊಡುವುದು ನನಗಂತೂ ಸರಿಕಾಣುವುದಿಲ್ಲ.

ಎರಡನೆಯದಾಗಿ, ನೀವು ಸಾಲ ಪಡೆಯುತ್ತಿರುವುದರಿಂದ ಆ ಸಂಸ್ಥೆ ನಿಮ್ಮ ಬ್ಯಾಂಕಿನ ಪ್ಯಾನೆಲ್‌ನಲ್ಲಿ, ಅಂದರೆ ಬ್ಯಾಂಕ್ ಒಪ್ಪಿದ ಸಂಸ್ಥೆಗಳ ಪಟ್ಟಿಯಲ್ಲಿ, ಇದೆಯೇ ಎಂಬುದನ್ನು ಶುಲ್ಕ ಕೇಳುವುದಕ್ಕೂ ಮೊದಲೇ ಖಚಿತಪಡಿಸಿಕೊಳ್ಳಿ. ಇಲ್ಲಿ ಸಾಮಾನ್ಯವಾಗಿ ಒಬ್ಬರೇ ಸಾಲಿಸಿಟರ್ ಕೊಳ್ಳುವವರ ಪರವಾಗಿಯೂ ಬ್ಯಾಂಕಿನ ಪರವಾಗಿಯೂ ಕೆಲಸ ಮಾಡುತ್ತಾರೆ. ಪ್ಯಾನೆಲ್‌ನಲ್ಲಿ ಇಲ್ಲದವರನ್ನು ನೇಮಿಸಿಕೊಂಡರೆ ಬ್ಯಾಂಕ್ ತನಗಾಗಿ ಬೇರೊಬ್ಬರನ್ನು ಗೊತ್ತುಮಾಡುತ್ತದೆ. ಅವರ ಶುಲ್ಕವೂ ನಿಮ್ಮ ತಲೆಯ ಮೇಲೆಯೇ ಬರುತ್ತದೆ, ಪತ್ರವ್ಯವಹಾರವೂ ಇಮ್ಮಡಿಯಾಗುತ್ತದೆ. ಕೆಲವು ಬ್ಯಾಂಕುಗಳು ಒಬ್ಬರೇ ನಡೆಸುವ ಸಣ್ಣ ಕಚೇರಿಗಳನ್ನು ಒಪ್ಪುವುದಿಲ್ಲ. ಸಂಸ್ಥೆಯವರು ‘ಎಲ್ಲ ಬ್ಯಾಂಕಿಗೂ ಮಾಡುತ್ತೇವೆ’ ಎಂದರೆ ಅಷ್ಟಕ್ಕೇ ಬಿಡದೆ, ಬ್ಯಾಂಕಿನಿಂದ ಅಥವಾ ನಿಮ್ಮ ಮಾರ್ಟ್‌ಗೇಜ್ ಬ್ರೋಕರ್‌ರಿಂದಲೂ ದೃಢಪಡಿಸಿಕೊಳ್ಳಿ.

ಸಾಲಿಸಿಟರ್‌ಗಳನ್ನು ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯೂ ಲೈಸೆನ್ಸ್ ಪಡೆದ ಕನ್ವೇಯನ್ಸರ್‌ಗಳನ್ನು (ಆಸ್ತಿ ವರ್ಗಾವಣೆಯ ಕಾನೂನು ಕೆಲಸದಲ್ಲಿ ಪರಿಣತರಾದವರನ್ನು) ಕೌನ್ಸಿಲ್ ಫಾರ್ ಲೈಸೆನ್ಸ್‌ಡ್ ಕನ್ವೇಯನ್ಸರ್ಸ್ ಕೂಡ ನಿಯಂತ್ರಿಸುತ್ತವೆ. ನಿಮ್ಮ ಕೆಲಸಕ್ಕೆ ಇಬ್ಬರಲ್ಲಿ ಯಾರಾದರೂ ಆಗುತ್ತದೆ. ಶುಲ್ಕದ ವಿಷಯಕ್ಕೆ ಬಂದರೆ, ಕೆಲಸದ ಕೂಲಿ, ಅದರ ಮೇಲಿನ 20% ವ್ಯಾಟ್, ಸ್ಥಳೀಯ ಆಡಳಿತ, ನೀರು ಮತ್ತು ಒಳಚರಂಡಿ, ಪರಿಸರ ಮುಂತಾದ ಸರ್ಚ್‌ಗಳ (ದಾಖಲೆ ಪರಿಶೀಲನೆಗಳ) ವೆಚ್ಚ, ಲ್ಯಾಂಡ್ ರಿಜಿಸ್ಟ್ರಿಯ ಶುಲ್ಕ ಇವೆಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿಕೊಂಡು ಒಟ್ಟು ಮೊತ್ತವನ್ನು ಹೋಲಿಸಿ. ಮೊದಲು ಅಗ್ಗದ ಬೆಲೆ ತೋರಿಸಿ, ಆಮೇಲೆ ‘ಲೀಸ್‌ಹೋಲ್ಡ್‌ಗೆ ಹೆಚ್ಚುವರಿ’, ‘ಉಡುಗೊರೆ ಹಣಕ್ಕೆ ಹೆಚ್ಚುವರಿ’, ‘ಸ್ಟ್ಯಾಂಪ್ ಡ್ಯೂಟಿ ಅರ್ಜಿಗೆ ಹೆಚ್ಚುವರಿ’ ಎಂದು ಸೇರಿಸುತ್ತ ಹೋಗುವ ಸಂಸ್ಥೆಗಳಿವೆ. ಖರೀದಿ ಅರ್ಧದಲ್ಲೇ ಮುರಿದುಬಿದ್ದರೆ ಎಷ್ಟು ಕೊಡಬೇಕಾಗುತ್ತದೆ ಎಂಬುದನ್ನೂ ಕೇಳಿ.

ಉತ್ತರ: ಮಲೆನಾಡಿಗ

ಅಶ್ವತ್ಥ ಅವರ ಮಾತು ಸರಿಯಾಗಿದೆ. ಆದರೆ ನೇತ್ರಾವತಿಯವರ ಪ್ರಶ್ನೆಯ ಕೊನೆಯಲ್ಲಿರುವ ಎರಡು ಸಂಗತಿಗಳು ಶುಲ್ಕದ ವ್ಯತ್ಯಾಸಕ್ಕಿಂತ ಬಹಳ ದೊಡ್ಡವು, ಮತ್ತು ಯಾರನ್ನು ಆರಿಸಬೇಕೆಂಬುದನ್ನು ಅವೇ ನಿರ್ಧರಿಸಬೇಕು ಎಂದು ನನ್ನ ಅಭಿಪ್ರಾಯ.

ಮೊದಲನೆಯದು ಮೈಸೂರಿನ ಮನೆ. ‘ಈ ದೇಶದಲ್ಲಿ ಮೊದಲ ಖರೀದಿ’ ಎಂಬುದಕ್ಕೆ ಸ್ಟ್ಯಾಂಪ್ ಡ್ಯೂಟಿಯ ನಿಯಮದಲ್ಲಿ ಬೆಲೆಯಿಲ್ಲ. ಜಗತ್ತಿನ ಯಾವ ಮೂಲೆಯಲ್ಲಿ ವಾಸದ ಮನೆಯಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. 2025ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ದರಗಳ ಪ್ರಕಾರ ನಿಮ್ಮ ಬೆಲೆಯ ಮನೆಗೆ ಮೊದಲ ಬಾರಿಗೆ ಕೊಳ್ಳುವವರು ಕಟ್ಟಬೇಕಾದುದು 2,000 ಪೌಂಡ್, ಆ ರಿಯಾಯಿತಿ ಇಲ್ಲದವರು ಕಟ್ಟಬೇಕಾದುದು 7,000 ಪೌಂಡ್. ಬೇರೊಂದು ಮನೆ ಇರುವವರಿಗೆ ಪೂರ್ತಿ ಬೆಲೆಯ ಮೇಲೆ ಇನ್ನೂ 5% ಸೇರಿ 24,000 ಪೌಂಡ್ ಆಗುತ್ತದೆ. ಮೈಸೂರಿನ ಮನೆಯಲ್ಲಿ ನಿಮ್ಮ ಪತಿಯ ಪಾಲಿನ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ಹೆಚ್ಚುವರಿ ದರ ಅನ್ವಯಿಸುತ್ತದೆ. ಒಟ್ಟಿಗೆ ಬಾಳುತ್ತಿರುವ ದಂಪತಿಯನ್ನು ಒಂದಾಗಿಯೇ ಪರಿಗಣಿಸುವುದರಿಂದ ಫ್ಲ್ಯಾಟನ್ನು ನಿಮ್ಮೊಬ್ಬರ ಹೆಸರಿನಲ್ಲಿ ಕೊಂಡರೂ ಅದರಿಂದ ತಪ್ಪಿಸಿಕೊಳ್ಳಲಾಗದು. ಮೈಸೂರಿನ ಆಸ್ತಿ ಪಿತ್ರಾರ್ಜಿತವಾಗಿ ಕಳೆದ ಮೂರು ವರ್ಷಗಳೊಳಗೆ ಬಂದ, ಅರ್ಧಕ್ಕೆ ಮೀರದ ಪಾಲಾಗಿದ್ದರೆ ಹೆಚ್ಚುವರಿ ದರದ ಮಟ್ಟಿಗೆ ವಿನಾಯಿತಿ ಇದೆ. ಅದು ಖಾಲಿ ನಿವೇಶನವಾಗಿದ್ದರೆ ಮಾತೇ ಬೇರೆ. ಆದ್ದರಿಂದ ಮೈಸೂರಿನ ಮನೆಯ ಕ್ರಯಪತ್ರ ಅಥವಾ ವಿಭಾಗಪತ್ರವನ್ನು ಮುಂದಿಟ್ಟು, ‘ವಿದೇಶದಲ್ಲಿ ಆಸ್ತಿ ಇರುವವರ ಸ್ಟ್ಯಾಂಪ್ ಡ್ಯೂಟಿ ಬಗ್ಗೆ ನೀವೇ ಸಲಹೆ ಕೊಡುತ್ತೀರಾ, ಇಲ್ಲವೆ ತೆರಿಗೆ ತಜ್ಞರ ಬಳಿ ಹೋಗಬೇಕೇ?’ ಎಂದು ಮೊದಲ ಮಾತಿನಲ್ಲೇ ಕೇಳಿ. ಮನೆ ಕೈಗೆ ಬಂದ 14 ದಿನಗಳೊಳಗೆ ಆ ಲೆಕ್ಕವನ್ನು ಸಲ್ಲಿಸಿ ತೆರಿಗೆ ಕಟ್ಟಬೇಕಾಗಿರುವುದರಿಂದ ಕೊನೆಯ ವಾರದಲ್ಲಿ ಹಣ ಹೊಂದಿಸುವ ಪರಿಸ್ಥಿತಿ ಬರಬಾರದು.

ಎರಡನೆಯದು ಮಾವನವರ ಹಣ. 2017ರ ಮನಿ ಲಾಂಡರಿಂಗ್ ನಿಯಮಗಳಂತೆ ಹಣ ಯಾರಿಂದ ಬಂತು ಎಂಬುದಷ್ಟೇ ಅಲ್ಲ, ಅವರ ಬಳಿ ಹೇಗೆ ಬಂತು ಎಂಬುದನ್ನೂ ಸಾಲಿಸಿಟರ್ ಪರಿಶೀಲಿಸುತ್ತಾರೆ. ನಿವೃತ್ತಿಯ ಹಣವಾದರೆ ಅದರ ಪತ್ರ, ಜಮೀನು ಮಾರಿದ್ದಾದರೆ ಕ್ರಯಪತ್ರ, ಅದು ಕನ್ನಡದಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದ, ಜೊತೆಗೆ ಹಲವು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇವನ್ನೆಲ್ಲ ಕೇಳಬಹುದು. ಹಣ ಉಡುಗೊರೆಯೆಂದೂ, ಮನೆಯಲ್ಲಿ ತಮಗೆ ಹಕ್ಕು ಬೇಡವೆಂದೂ ಮಾವನವರು ಸಹಿ ಮಾಡಿಕೊಡಬೇಕಾಗುತ್ತದೆ. ಈ ಸಂಗತಿಯನ್ನು ಸಾಲಿಸಿಟರ್ ಬ್ಯಾಂಕಿಗೂ ವರದಿ ಮಾಡುತ್ತಾರೆ, ಏಕೆಂದರೆ ಬ್ಯಾಂಕ್ ಕೂಡ ಅವರ ಕಕ್ಷಿದಾರನೇ. ಭಾರತದಲ್ಲಿ ವಾಸಿಸುವವರು ಉದಾರೀಕೃತ ರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳುಹಿಸಬಹುದು, ಹೀಗಾಗಿ ಮೊತ್ತದ ತೊಡಕು ಬಹುಶಃ ಬಾರದು. ಆದರೆ ಕೆಲವು ಸಂಸ್ಥೆಗಳು ವಿದೇಶಿ ಖಾತೆಯಿಂದ ನೇರವಾಗಿ ಹಣ ಪಡೆಯುವುದಿಲ್ಲ, ಕೆಲವು ವಿದೇಶದ ಉಡುಗೊರೆ ಇರುವ ಕೆಲಸವನ್ನೇ ಒಪ್ಪುವುದಿಲ್ಲ. ಭಾರತದ ಕಾಗದಪತ್ರಗಳನ್ನು ನೋಡಿ ರೂಢಿಯಿರುವವರು ಸಿಕ್ಕರೆ ನೂರಿನ್ನೂರು ಪೌಂಡ್ ಹೆಚ್ಚಾದರೂ ಅವರನ್ನೇ ಹಿಡಿಯಿರಿ.

ಉತ್ತರ: ಸಂಪಿಗೆ

ನಾನು ಕಳೆದ ವರ್ಷ ಲೀಸ್‌ಹೋಲ್ಡ್ ಫ್ಲ್ಯಾಟನ್ನೇ ಕೊಂಡವಳು. ಲೀಸ್‌ನಲ್ಲಿ ಎಷ್ಟು ವರ್ಷ ಉಳಿದಿದೆ, ಗ್ರೌಂಡ್ ರೆಂಟ್ (ಜಾಗದ ಒಡೆಯರಿಗೆ ಕೊಡುವ ಬಾಡಿಗೆ) ಹೇಗೆ ಏರುತ್ತದೆ, ಮುಂದಿನ ವರ್ಷಗಳಲ್ಲಿ ದೊಡ್ಡ ದುರಸ್ತಿಗೆ ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣಾ ವೆಚ್ಚದ ಪಾಲು) ಏರಲಿದೆಯೇ ಎಂಬುದನ್ನೆಲ್ಲ ಓದಿ ಹೇಳಬಲ್ಲವರು ಬೇಕು. ಕಟ್ಟಡ ಕನಿಷ್ಠ 11 ಮೀಟರ್ ಎತ್ತರವಿದ್ದರೆ ಅಥವಾ ಕನಿಷ್ಠ ಐದು ಅಂತಸ್ತಿನದಾಗಿದ್ದರೆ 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆಯ ದಾಖಲೆಗಳೂ ಬರುತ್ತವೆ. ಅಂತಹ ಕಟ್ಟಡಗಳ ಕೆಲಸವನ್ನೇ ಬೇಡವೆನ್ನುವ ಸಂಸ್ಥೆಗಳಿವೆ. ಆದ್ದರಿಂದ ಕಟ್ಟಡದ ಎತ್ತರವನ್ನು ಏಜೆಂಟರಿಂದ ತಿಳಿದುಕೊಂಡು ಮೊದಲೇ ಹೇಳಿಬಿಡಿ.

ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಇದು: ಸಂಸ್ಥೆಯ ಹೆಸರನ್ನಲ್ಲ, ನಿಮ್ಮ ಕಡತವನ್ನು ನಿಜವಾಗಿ ಕೈಯಲ್ಲಿ ಹಿಡಿಯುವ ವ್ಯಕ್ತಿಯನ್ನು ನೋಡಿ. ಅವರ ಹೆಸರೇನು, ಅರ್ಹತೆಯೇನು, ಏಕಕಾಲಕ್ಕೆ ಎಷ್ಟು ಕಡತಗಳನ್ನು ನೋಡುತ್ತಾರೆ, ರಜೆಯಲ್ಲಿದ್ದಾಗ ಯಾರು ಉತ್ತರಿಸುತ್ತಾರೆ ಎಂದು ಕೇಳಿ. ನನ್ನ ತಂಗಿಯ ಖರೀದಿಯಲ್ಲಿ ಪ್ರತಿ ಸಲ ಕರೆ ಮಾಡಿದಾಗಲೂ ಬೇರೊಬ್ಬರು ಮಾತನಾಡಿ, ಹಿಂದಿನವರಿಗೆ ಕೊಟ್ಟ ದಾಖಲೆಯನ್ನೇ ಮತ್ತೆ ಕೇಳುತ್ತಿದ್ದರು. ಅಷ್ಟರಲ್ಲಿ ಸಾಲದ ಮಂಜೂರಾತಿಯ ಅವಧಿ ಮುಗಿದು ಹೆಚ್ಚಿನ ಬಡ್ಡಿಗೆ ಹೊಸ ಸಾಲ ಪಡೆಯಬೇಕಾಯಿತು. ಬೆಲೆ ವಿಚಾರಿಸುವ ಹಂತದಲ್ಲೇ ಕರೆಗೆ ಉತ್ತರಿಸದವರು ಆಮೇಲೆ ಉತ್ತರಿಸುವರೆಂದು ನಂಬಬೇಡಿ.

ಪ್ರತಿಕ್ರಿಯೆ: ನೇತ್ರಾವತಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೈಸೂರಿನ ಮನೆ ನನ್ನ ಪತಿ ಮತ್ತು ಅವರ ಅಣ್ಣನವರ ಜಂಟಿ ಹೆಸರಿನಲ್ಲಿದೆ, ಅದನ್ನು ಅವರೇ ಕೊಂಡಿದ್ದು. ಇಂದೇ ಅದರ ಪತ್ರವನ್ನು ತರಿಸಿಕೊಳ್ಳುತ್ತೇವೆ. ಇನ್ನೊಂದು ಮಾತು: ಬ್ಯಾಂಕಿನವರು ಮನೆಯ ಮೌಲ್ಯಮಾಪನ ಮಾಡಿಸುತ್ತಾರಲ್ಲ, ಗೋಡೆ, ಚಾವಣಿಗಳ ಸ್ಥಿತಿಯನ್ನು ಸಾಲಿಸಿಟರ್ ಅದರಿಂದಲೇ ನೋಡಿ ಹೇಳುತ್ತಾರೆಯೇ?

ಉತ್ತರ: ಅಶ್ವತ್ಥ

ಇಲ್ಲ. ಬ್ಯಾಂಕಿನ ಮೌಲ್ಯಮಾಪನ ಸಾಲಕ್ಕೆ ಆ ಆಸ್ತಿ ಸಾಕಷ್ಟು ಭದ್ರತೆಯೇ ಎಂಬುದಕ್ಕೆ ಮಾತ್ರ. ಸಾಲಿಸಿಟರ್ ಮನೆಗೆ ಬಂದು ನೋಡುವುದೂ ಇಲ್ಲ. ಅದಕ್ಕೆ ನೀವೇ ಒಬ್ಬ ಸರ್ವೇಯರ್‌ರನ್ನು ಗೊತ್ತುಮಾಡಿಕೊಂಡು, ಅವರ ವರದಿಯಲ್ಲಿ ಕಾನೂನು ಸಂಬಂಧಿ ಸಂಗತಿಗಳಿದ್ದರೆ ಆ ಪುಟಗಳನ್ನು ಸಾಲಿಸಿಟರ್‌ಗೆ ಕಳುಹಿಸಬೇಕು. ಈ ಕೆಲಸವೆಲ್ಲ ಕರಾರು ವಿನಿಮಯವಾಗುವುದಕ್ಕೆ ಮೊದಲೇ ಮುಗಿಯಲಿ, ಏಕೆಂದರೆ ಆ ಬಳಿಕ ಹಿಂದೆ ಸರಿದರೆ ಸಾಮಾನ್ಯವಾಗಿ ಬೆಲೆಯ 10%ರಷ್ಟಿರುವ ಡಿಪಾಸಿಟ್ ಕೈಬಿಟ್ಟು ಹೋಗುತ್ತದೆ. ಆ ಹಣವನ್ನು ಕಳುಹಿಸುವ ದಿನ, ಸಾಲಿಸಿಟರ್ ತಮ್ಮ ಮೊದಲ ಪತ್ರದಲ್ಲಿ ಕೊಟ್ಟ ದೂರವಾಣಿ ಸಂಖ್ಯೆಗೇ ಕರೆ ಮಾಡಿ ಅವರ ಬ್ಯಾಂಕ್ ಖಾತೆಯ ವಿವರವನ್ನು ಓದಿಸಿಕೊಳ್ಳಿ. ‘ಖಾತೆ ಬದಲಾಗಿದೆ’ ಎಂಬ ಇಮೇಲ್ ಬಂದರೆ ಅದನ್ನು ವಂಚನೆಯೆಂದೇ ಭಾವಿಸಿ ಹಣವನ್ನು ತಡೆಹಿಡಿಯಿರಿ.