ತೋರಣಾ ಆರಿಸಿದರೆ ಪಟ್ಟಿಯಲ್ಲಿ ತೋರಣಾನೇ ಇಲ್ಲ!

ಕೋಥ್ರೂಡ್_ಚಾರಣಿಗ (ಪುಣೆ):
ತಲೆ ಕೆಟ್ಟುಹೋಗಿದೆ, ಯಾರಾದರೂ ನೋಡಿ. ನಮ್ಮ ಚಾರಣದ ಗುಂಪಿಗೆ ಡೇಟಾಬೇಸ್‌ನಲ್ಲಿ ಕೋಟೆಗಳ ಟೇಬಲ್ ಮಾಡಿದ್ದೇನೆ. ಒಂದು ಕೋಟೆ ಆರಿಸಿದರೆ ಅದೂ ಸೇರಿ 20 ಕಿ.ಮೀ. ಒಳಗಿನವೆಲ್ಲ ಬರಬೇಕು. ಸಿಂಹಗಡ ಆರಿಸಿದರೆ ಸಿಂಹಗಡ, ರಾಜಗಡ, ತೋರಣಾ ಮೂರೂ ಬರುತ್ತವೆ. ತೋರಣಾ ಆರಿಸಿದರೆ ತೋರಣಾನೇ ಮಾಯ. ಎರರ್ ಕೂಡ ಇಲ್ಲ. ದೂರದ ಸೂತ್ರ ಎಲ್ಲರಿಗೂ ಗೊತ್ತಿರುವುದೇ, ಭೂಮಿಯ ತ್ರಿಜ್ಯ 6371 ಇಂಟು ಎಕಾಸ್ (ಕಾಸ್‌ನ ವಿಲೋಮ). ಭಾನುವಾರದೊಳಗೆ ಆಗಬೇಕು.

ಮಾಟುಂಗಾ_ಮಾಮ (ಮುಂಬೈ):
ಡಿಗ್ರಿ ಕೊಟ್ಟಿರ್ತೀರಿ ಮಾರಾಯ್ರೇ. ಸೈನ್, ಕಾಸ್‌ಗೆ ರೇಡಿಯನ್ ಬೇಕು.

ಕೋಥ್ರೂಡ್_ಚಾರಣಿಗ:
ರೇಡಿಯನ್ಸ್() ಹಾಕಿದ್ದೇನೆ ಸರ್. ಇಲ್ಲದಿದ್ದರೆ ಸಿಂಹಗಡದ ಲೆಕ್ಕವೂ ತಪ್ಪಬೇಕಿತ್ತು, ಅಲ್ವಾ?

ಮಾಟುಂಗಾ_ಮಾಮ:
ಎಲ್ಲ ಕಡೆ ಹಾಕಿದ್ದೀರಾ? ರೇಖಾಂಶದ ವ್ಯತ್ಯಾಸಕ್ಕೂ? ಜಾಸ್ತಿ ಜನ ಎಡವುವುದು ಅಲ್ಲೇ. ಇನ್ನೊಮ್ಮೆ ನೋಡಿ.

ಠಾಣೆ_ಪೋಸ್ಟ್‌ಗ್ರೆಸ್:
ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 9.6ನೇ ಆವೃತ್ತಿಯಿಂದ ಸೈಂಡ್, ಕಾಸ್ಡ್ ಫಂಕ್ಷನ್ ಇವೆ, ಡಿಗ್ರಿಯನ್ನೇ ಕೊಡಬಹುದು. ಅಷ್ಟಕ್ಕೂ ಚಾರಣಕ್ಕೆ ಈ ದೂರ ಏನು ಉಪಯೋಗ? ರಾಜಗಡದಿಂದ ತೋರಣಾಕ್ಕೆ ನೇರ ಗೆರೆಯಲ್ಲಿ ಸುಮಾರು 7 ಕಿ.ಮೀ. ಗುಡ್ಡದ ನೆತ್ತಿ ಹಿಡಿದು ನಡೆದರೆ ಇಡೀ ದಿನ ಬೇಕು.

ಮಾಟುಂಗಾ_ಮಾಮ:
ಅದನ್ನು ಅವರು ಕೇಳಲೇ ಇಲ್ಲವಲ್ಲ! ಮೊದಲು ರೇಡಿಯನ್ ಮುಗಿಯಲಿ.

ಫೋಂಡಾ_ಅಕ್ಕ (ಗೋವಾ):
ಯಾವ ಡೇಟಾಬೇಸ್ ಅಂತ ಹೇಳೇ ಇಲ್ಲ. ಎರರ್ ಬರದಿದ್ದರೆ ಮೈಎಸ್‌ಕ್ಯೂಎಲ್ ಇರಬೇಕು. ವೇರ್ (20 ಕಿ.ಮೀ. ಷರತ್ತು) ತೆಗೆದು ತೋರಣಾ ಸಾಲಿನಲ್ಲಿ ದೂರ ಎಷ್ಟಿದೆ ನೋಡಿ. ನಲ್, ಅಂದರೆ ಬೆಲೆಯೇ ಇಲ್ಲ ಅಂತ ಇದೆಯಾ?

ಕೋಥ್ರೂಡ್_ಚಾರಣಿಗ:
ಮೈಎಸ್‌ಕ್ಯೂಎಲ್ 8. ಹೌದು ಅಕ್ಕಾ, ನಲ್!

ಫೋಂಡಾ_ಅಕ್ಕ:
ರೇಡಿಯನ್ ಬಿಟ್ಟುಬಿಡಿ. ಒಂದು ಜಾಗದಿಂದ ಅದೇ ಜಾಗಕ್ಕೆ ದೂರ ತೆಗೆದಾಗ ಎಕಾಸ್ ಒಳಗೆ ಸರಿಯಾಗಿ 1 ಬರಬೇಕು. ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ ಕೊನೆಯ ಅಂಕಿ ಜಾರಿ, ಕೆಲವು ಜಾಗಗಳಿಗೆ 1.0000000000000002 ಬರುತ್ತದೆ. ಅದಕ್ಕೇ ಸಿಂಹಗಡ ಉಳಿಯಿತು, ತೋರಣಾ ಹೋಯಿತು. ಎಕಾಸ್‌ಗೆ 1ಕ್ಕಿಂತ ದೊಡ್ಡದು ಸಲ್ಲದು; ದಾಟಿದರೆ ಮೈಎಸ್‌ಕ್ಯೂಎಲ್ ಸುಮ್ನೆ ನಲ್ ಕೊಡುತ್ತದೆ. ನಲ್ ಅನ್ನು 20ರ ಜೊತೆ ಹೋಲಿಸಿದರೆ ಉತ್ತರವೂ ನಲ್, ಆ ಸಾಲು ಬಿದ್ದುಹೋಗುತ್ತದೆ. ಎಕಾಸ್(ಲೀಸ್ಟ್(1, ನಿಮ್ಮ ಲೆಕ್ಕ)) ಅಂತ ಬರೆಯಿರಿ, ಲೀಸ್ಟ್ ಎರಡರಲ್ಲಿ ಚಿಕ್ಕದನ್ನು ಕೊಡುತ್ತದೆ. ಬೇಡವಾದರೆ ದೂರ ಲೆಕ್ಕ ಹಾಕುವ ಸಿದ್ಧ ಫಂಕ್ಷನ್ ಎಸ್‌ಟಿ_ಡಿಸ್ಟನ್ಸ್_ಸ್ಫಿಯರ್ ಇದೆ. ಅದಕ್ಕೆ ಕೊಡುವ ಪಾಯಿಂಟ್‌ನಲ್ಲಿ ರೇಖಾಂಶ ಮೊದಲು, ಉತ್ತರ ಮೀಟರಿನಲ್ಲಿ.

ಠಾಣೆ_ಪೋಸ್ಟ್‌ಗ್ರೆಸ್:
ಪೋಸ್ಟ್‌ಗ್ರೆಸ್ ಆಗಿದ್ದರೆ 'ಇನ್‌ಪುಟ್ ಈಸ್ ಔಟ್ ಆಫ್ ರೇಂಜ್' ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿತ್ತು. ನಮ್ಮನೆ ಅಟ್ಟದ ಮೇಲೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಎಸ್‌ಎಸ್‌ಡಿ ಡಿಸ್ಕ್, ಪೋಸ್ಟ್‌ಗ್ರೆಸ್‌ಗೆ ನಕ್ಷೆಯ ಲೆಕ್ಕ ಸೇರಿಸುವ ಪೋಸ್ಟ್‌ಜಿಐಎಸ್. ಸಹ್ಯಾದ್ರಿಯ ಕೋಟೆ, ದಾರಿ, ನೀರಿನ ಟಾಕಿ ಎಲ್ಲಾ ಅದರಲ್ಲಿವೆ.

ಕೋಥ್ರೂಡ್_ಚಾರಣಿಗ:
ಲೀಸ್ಟ್ ಹಾಕಿದೆ, ತೋರಣಾ ಬಂತು! ದೂರ 0. ತುಂಬಾ ಥ್ಯಾಂಕ್ಸ್ ಅಕ್ಕಾ.

ಮಾಟುಂಗಾ_ಮಾಮ:
ಠಾಣೆಯವರೇ, ಪೈಗೆ ಎಸ್‌ಎಸ್‌ಡಿ ಹೇಗೆ ಕೂರಿಸಿದಿರಿ? ಮಳೆಗಾಲದಲ್ಲಿ ಕರೆಂಟ್ ಹೋದಾಗೆಲ್ಲ ನನ್ನ ಮೆಮೊರಿ ಕಾರ್ಡ್ ಕೆಡುತ್ತದೆ.